ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದರೆ

ಬಂಡ್ರಿ, ಶುಕ್ರವಾರ

ಮಗಳೇ ಗಂಗೋತ್ರಿ, ಉಂಡೆಯೇನವ್ವಾ?

ನಿನ್ನ ಗೆಳತಿ ದುರ್ಗಾ ಫೋನ್ ಮಾಡಿದ್ದಳು. ಇಂಗ್ಲಿಷ್ ಕ್ಲಾಸಿನಲ್ಲಿ ನಿಮ್ಮೂರು ಬಂಡ್ರಿ, ಓಣಿ, ಅಂಗಳದ ಬೇವಿನ ಮರ ಎಲ್ಲಾ ಚಂದ ಹೇಳಿದೆಯಂತೆ. "ಮನೆಯಲ್ಲಿ ಯಾರಿದ್ದಾರೆ?" ಅಂದ ಕೂಡಲೇ ಮಾತು ನಿಂತು ಕೂತುಬಿಟ್ಟೆಯಂತೆ. ಸೋಮವಾರ ಹೊಸಪೇಟೆ ಹೋಟೆಲಿನ ಇಂಟರ್‌ವ್ಯೂದಲ್ಲಿ ಮೊದಲು ಕೇಳೋದೇ ಇದು ಅಂತಾಳೆ.

ಮನೆಯಲ್ಲಿ ಇದ್ದವರು ನೀನು, ನಿಮ್ಮವ್ವ ಇಬ್ಬರೇ. ಅವಳು ತೀರಿಕೊಂಡ ಮೇಲೆ ಮನೆಗೆ ಬೀಗ ಹಾಕಿ ಹಾಸ್ಟೆಲಿಗೆ ಹೋದವಳು ನೀನು. ಏನಂತ ಹೇಳೀಯವ್ವಾ?

ಇಂಗ್ಲಿಷ್ ತಪ್ಪಾದೀತು ಅಂತ ಮಾತ್ರ ಹೆದರಬ್ಯಾಡ. ಹಂಪಿ ಬಜಾರದಲ್ಲಿ ನಾನು ಎಳನೀರು ಮಾರುವಾಗ ಫಾರಿನ್ನವರು ಕೇಳಿದರೆ, "ಮೈ ಹೋಂ ಕಂಪ್ಲಿ, ರಿವರ್, ಬನಾನಾ, ಗುಡ್" ಅಂತಿದ್ದೆ. ನಕ್ಕು ಇನ್ನೊಂದು ಎಳನೀರು ಕುಡಿಯೋರು.

ಈಗ ಸಿಟ್ಟಾಗಬ್ಯಾಡ, ನಿನ್ನ ಕೇಳದೇ ಒಂದು ಕೆಲಸ ಮಾಡಿದ್ದೀನಿ. ಇನ್ನು ಇಲ್ಲೇ ಇರೋಣ ಅಂತ ನಿನ್ನೆ ಟ್ರಂಕು ಹೊತ್ತು ಕಂಪ್ಲಿಯಿಂದ ನಿಮ್ಮ ಮನೆಗೆ ಬಂದೆ. ಪಕ್ಕದ ರೇಣುಕಾದೇವಿ ಹತ್ತಿರ ಬೀಗದ ಕೈ ಇಸಕೊಂಡು, ಕೆಂಧೂಳು ಒರೆಸಿ, ಒಲೆ ಹಚ್ಚಿದ್ದೀನಿ. ಹಗ್ಗದ ಮೇಲಿನ ನಿಮ್ಮವ್ವನ ಸೀರೆ ಮುಟ್ಟಿಲ್ಲ. ಅದು ನಿನ್ನ ಕೆಲಸ.

ಸೋಮವಾರ ಕೇಳಿದರೆ "ನಮ್ಮ ದೊಡ್ಡವ್ವ ಇದ್ದಾಳೆ" ಅನ್ನು. ಸುಳ್ಳಲ್ಲ, ನಿಮ್ಮ ಪಡಸಾಲೆಯಲ್ಲೇ ಕೂತು ಬರೀತಿದ್ದೀನಿ. ಫೋನಿನಲ್ಲಿ ಹೇಳಿದರೆ ಇಬ್ಬರೂ ಅಳ್ತೀವಿ ಅಂತ ಬಸ್ಸಿನ ಮಾರೇಶನ ಕೈಲಿ ಈ ಕಾಗದ ಕಳಿಸ್ತಿದ್ದೀನಿ.

ಕೆಲಸ ಸಿಗಲಿ ಬಿಡಲಿ, ಸೋಮವಾರ ಸಂಜೆ ಬಸ್ಸಿಗೆ ಮನೆಗೆ ಬಾ. ರೊಟ್ಟಿ ತಟ್ಟಿರ್ತೀನಿ.

ಬಾಗಿಲು ತೆಗೆದಿಟ್ಟುಕೊಂಡು,
ನಿನ್ನ ದೊಡ್ಡವ್ವ ಉಚ್ಚಂಗೆಮ್ಮ