ಸಿಸ್ಟಂಗೂ ಬಾಣಂತನ

ಮಾರ್ಚ್ 10, ಸೋಮವಾರ. ಬೆಳಿಗ್ಗೆ

ಪ್ರೊಸೆಸರ್ ತಾಪ ಮತ್ತೆ 97. ನೋಡುತ್ತಿದ್ದ ಹಾಗೆ 99. ಆಮೇಲೆ ನೀಲಿ ಪರದೆ. ಅರ್ಧಕ್ಕೂ ಹೆಚ್ಚು ಓಡಿದ್ದ ರನ್ ಹೋಯಿತು. ಮೊದಲಿಂದ ಶುರು.

ಅಚ್ಚಿಗೆ ಸುರಿದ ಅಲ್ಯೂಮಿನಿಯಂ ಎಲ್ಲಿ ಬೇಗ ಆರುತ್ತದೆ, ಎಲ್ಲಿ ನಿಧಾನ — ಅದನ್ನು ಲೆಕ್ಕ ಹಾಕಿ ಕೊಡುವುದು ನನ್ನ ಕೆಲಸ. ಲೆಕ್ಕ ಹಾಕುವ ಯಂತ್ರವನ್ನೇ ಆರಿಸಲು ಆಗುತ್ತಿಲ್ಲ. ನಗು ಬರಬೇಕಿತ್ತು.

ಪಾಪು ಈಗಷ್ಟೇ ಕಣ್ಣು ಮುಚ್ಚಿದ್ದಾಳೆ. ರಾತ್ರಿಯಿಡೀ ಕೆಮ್ಮು. ನನ್ನ ಕಣ್ಣಿನೊಳಗೆ ಮರಳು ಹಾಕಿದ ಹಾಗಿದೆ.

ಶುಕ್ರವಾರ ಚಂದ್ರಲೇಖಾ ಮೇಡಂ ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಕೋಮಲಾ, ಮನೆಯಿಂದ ಮಾಡ್ತೀನಿ ಅಂತೀರ, ಸರಿ. ಆಫೀಸ್ ಲ್ಯಾಪ್‌ಟಾಪ್‌ಗೆ ಈ ಕೆಲಸ ಎಳೆಯೋಕಾಗಲ್ಲ. ನಿಮ್ಮ ಸಿಸ್ಟಂನಲ್ಲಿ ಮೂರು ಫುಲ್ ರನ್ ಮಾಡಿ ತೋರ್ಸಿ. ಕೊನೇದು ನನ್ನ ಕಣ್ಣೆದುರಿಗೆ, ಕಾಲ್‌ನಲ್ಲಿ. ಆಗ್ಲಿಲ್ಲ ಅಂದ್ರೆ ಏಪ್ರಿಲ್ ಒಂದಕ್ಕೆ ಸೀಟಿಗೆ ಬನ್ನಿ."

ಸೀಟು ಎಂದರೆ ಬೊಮ್ಮಸಂದ್ರದ ಆಫೀಸು. ಬೆಳಿಗ್ಗೆ ಈ ಮತ್ತಿಗಿರಿ ಬಿಟ್ಟು, ಜೂಜುವಾಡಿಯ ಗಡಿಯಲ್ಲಿ ಲಾರಿಗಳ ನಡುವೆ ನಿಂತು, ಹೋಗಿ, ಬರುವಷ್ಟರಲ್ಲಿ ಕತ್ತಲು. ಪಾಪುವಿಗೆ ಇನ್ನೂ ಆರು ತಿಂಗಳು ತುಂಬಿಲ್ಲ. ಎದೆಹಾಲು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಬಾಟಲಿ ಕಂಡರೆ ಮುಖ ತಿರುಗಿಸುತ್ತಾಳೆ.

ಹೋಗುವುದಿಲ್ಲ. ಈ ಸಿಸ್ಟಂ ನಿಲ್ಲಲೇಬೇಕು.

ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಂದರು. "ಏನವ್ವಾ ಕೋಮ್ಲಾ, ನಿನ್ ಮಿಸನ್ನು ಬಸ್ಸು ದಿಣ್ಣೆ ಹತ್ದಂಗೆ ಗೊರ್ರ್ ಅಂತದೆ. ಕೂಸು ಎದ್ದೋಯ್ತದೆ, ಆರ್ಸು ಅತ್ತಾಗೆ."

ಆರಿಸಿದೆ. ಪಾಪುವಿನ ಸ್ನಾನದ ಹೊತ್ತಾಯಿತು.

ಮಾರ್ಚ್ 11, ಮಂಗಳವಾರ

ಕುಮಾರೇಶ್ ಫಸ್ಟ್ ಶಿಫ್ಟ್ ಮುಗಿಸಿ ಬಂದರು. ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟೆ.

"ರೀ, ಓವರ್‌ಕ್ಲಾಕ್ ತೆಗೀರಿ."

ತಟ್ಟೆಯಿಂದ ತಲೆ ಎತ್ತಲಿಲ್ಲ. "ಎಲ್ಲಾ ಕೋರೂ 5.1ರ ಸ್ಪೀಡು. ಎರಡು ವರ್ಷದಿಂದ ಕಲ್ಲಿನಂಗೆ ನಿಂತದೆ. ನಿನ್ ಸಾಫ್ಟ್‌ವೇರೇ ಸರಿಯಿಲ್ಲ."

"ಗೇಮ್ ಆಡುವಾಗ ಎಲ್ಲಾ ಕೋರೂ ದುಡಿಯಲ್ಲ ಕಣ್ರೀ. ನನ್ ಕೆಲಸದಲ್ಲಿ ಎಲ್ಲಾ ಒಟ್ಟಿಗೆ ದುಡೀತವೆ, ಗಂಟೆಗಟ್ಟಲೆ."

"ಅದು ಮದುವೆಗೆ ಮುಂಚೆ ಈ ಮನೆಗೆ ಬಂದಿದ್ದು. ನಿನಗಿಂತ ಸೀನಿಯರ್ರು. ಮರ್ಯಾದೆ ಕೊಡು."

ಅಡುಗೆಮನೆಯಿಂದ ಅತ್ತೆ: "ಯಾವಳಲಾ ಅವ್ಳು ಸೀನಿಯರ್ರು?"

ಇವರು ಕೆಮ್ಮುವಷ್ಟು ನಕ್ಕರು. ಮಾತು ಅಲ್ಲಿಗೇ ಹೋಯಿತು.

ತಯಾರಿಸಿದವರು ಇಟ್ಟ ವೇಗಕ್ಕಿಂತ ಹೆಚ್ಚು ಓಡಲಿ ಎಂದು ಇವರು ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ವೋಲ್ಟೇಜ್ ಏರಿಸಿಟ್ಟಿದ್ದಾರೆ. ಆ ಹೆಚ್ಚಿನ ವೋಲ್ಟೇಜೆಲ್ಲ ಬಿಸಿಯಾಗಿ ಬರುತ್ತದೆ. ಮಲಗುವ ಕೋಣೆ ಒಂದೇ. ಅದರಲ್ಲೇ ಸಿಸ್ಟಂ, ಅದರಲ್ಲೇ ಪಾಪುವಿನ ಜೋಲಿ. ಗಾಳಿ ಬೀಳುತ್ತದೆಂದು ಅತ್ತೆ ಕಿಟಕಿ ತೆಗೆಯಲು ಬಿಡುವುದಿಲ್ಲ.

ಕ್ಯಾಬಿನೆಟ್ಟಿನ ಹಿಂಭಾಗಕ್ಕೆ ಕೈ ಹಿಡಿದು ನೋಡಿದೆ. ಒಲೆಯ ಮುಂದೆ ಹಿಡಿದ ಹಾಗೆ. ಆ ಗಾಳಿ ನೇರ ಜೋಲಿಗೆ.

ಜೋಲಿಯನ್ನು ಇನ್ನೊಂದು ಮೂಲೆಗೆ ಕಟ್ಟಿಸಿದೆ. ಅವಳ ಗಂಟಲು ಒಣಗಿಸುತ್ತಿರುವುದು ನನ್ನ ಕೆಲಸವೇ ಏನೋ...

ಮಾರ್ಚ್ 13, ಗುರುವಾರ. ಮಧ್ಯಾಹ್ನ

ಇವರು ಡ್ಯೂಟಿಗೆ ಹೋದ ಮೇಲೆ ನಾನೇ ಬಯೋಸ್‌ಗೆ ನುಗ್ಗಿದೆ. ಪಾಪು ಹೆಗಲ ಮೇಲೆ, ಕೀಬೋರ್ಡ್ ಮೇಲೆ ಒಂದೇ ಕೈ. ವೇಗ ಮೊದಲಿನ ಮಟ್ಟಕ್ಕೆ. ವೋಲ್ಟೇಜ್ ಆಟೋ. ಸೇವ್. ಸ್ಟ್ರೆಸ್ ಟೆಸ್ಟ್ ಹಾಕಿದೆ.

80... 88... 95.

ಇದು ಸಾಧ್ಯವೇ ಇಲ್ಲ. ಓವರ್‌ಕ್ಲಾಕ್ ತೆಗೆದ ಮೇಲೆ ಎಪ್ಪತ್ತೈದು ದಾಟಬಾರದು. ಗಾಜಿನ ಪಕ್ಕದಿಂದ ನೋಡಿದರೆ ಫ್ಯಾನುಗಳೆಲ್ಲ ತಿರುಗುತ್ತಿವೆ, ಬಣ್ಣದ ದೀಪ ಜಾತ್ರೆ. ಮುಂದಿನ ಜಾಲರಿ ನಿನ್ನೆ ತಾನೆ ಒರೆಸಿದ್ದೇನೆ. ಮತ್ತೆ ಬಿಸಿ ಎಲ್ಲಿ ನಿಲ್ಲುತ್ತಿದೆ?

ಪಾಪುವನ್ನು ಕ್ಲಿನಿಕ್ಕಿಗೆ ತೋರಿಸಿ ಬಂದೆ. ನರ್ಸಮ್ಮ "ಸಳಿ ದಾನ್‌ಮಾ, ಭಯಪ್ಪಡಾದೀಂಗ" ಅಂದರು — ಬರೀ ಶೀತ, ಹೆದರಬೇಡಿ ಅಂತ. ಸಿರಪ್ ಕೊಟ್ಟಿದ್ದಾರೆ. ಹೆದರಬೇಡ ಅಂದರೆ ನಿಲ್ಲುವ ಹೆದರಿಕೆ ಅಲ್ಲ ಇದು.

ಅತ್ತೆ ಸಿರಪ್ ಬಾಟಲಿಯನ್ನು ತಿರುಗಿಸಿ ನೋಡಿ ಕಿಟಕಿಯಲ್ಲಿಟ್ಟರು. "ಸೀತಕ್ಕೆ ಇದ್ಯಾಕವ್ವಾ? ಹೊಗೆ ಸಾಲ್ತಾ ಇಲ್ಲ ಅಷ್ಟೆ. ಇವತ್ತಿಂದ ಸಂಜೆನೂ ಹಾಕನ."

ದಿನಾ ಸ್ನಾನವಾದ ಮೇಲೆ ಕರಟದ ಕೆಂಡಕ್ಕೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ. ಪಾಪುವಿನ ಕೂದಲು ಆ ಹೊಗೆಯಲ್ಲೇ ಆರಬೇಕು. ಸಾಂಬ್ರಾಣಿ ಅಂಗಡಿಯದಲ್ಲ. ಅಂಚೆಟ್ಟಿಯ ಹತ್ತಿರದ ಅವರ ಊರಿನದು, ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು.

ಮಾರ್ಚ್ 16, ಭಾನುವಾರ

ಗೊತ್ತಾಯಿತು.



ಪ್ರೊಸೆಸರ್‌ನ ಬಿಸಿ ಎಳೆಯುವ ಪೇಸ್ಟ್ ಬದಲಾಯಿಸೋಣ, ಹಳೆಯದು ಒಣಗಿರಬೇಕು ಅಂತ ಇವರನ್ನು ಕೂರಿಸಿದೆ. ಬಯೋಸ್ ಮುಟ್ಟಿದ್ದಕ್ಕೆ ಮುಖ ಊದಿಸಿಕೊಂಡೇ ಸ್ಕ್ರೂಡ್ರೈವರ್ ಹಿಡಿದರು. "ಪಾಪು ಹುಟ್ಟೋಕೆ ಮುಂಚೆ ತಾನೇ ಬ್ಲೋವರ್ ಹೊಡ್ದಿದ್ದೀನಿ. ಒಳಗೆ ಫ್ರೆಶ್ ಇರ್ತದೆ ನೋಡು."

ಪ್ರೊಸೆಸರ್ ಮೇಲಿನ ಕೂಲರ್‌ನ ಫ್ಯಾನ್ ಬಿಚ್ಚಿದರು. ಅದರ ಹಿಂದೆ ಅಲ್ಯೂಮಿನಿಯಂ ಪದರಗಳು ಇರಬೇಕಿತ್ತು. ಕಾಣಲೇ ಇಲ್ಲ. ಕಂದು ಕಂಬಳಿ ಹೊದಿಸಿದ ಹಾಗೆ. ಗಾಳಿ ಹೋಗಲು ಕೂದಲೆಳೆಯಷ್ಟು ಜಾಗವಿಲ್ಲ. ಬರೀ ಧೂಳಾದರೆ ಊದಿದರೆ ಹಾರಬೇಕು. ಇದು ಅಂಟು. ಬೆರಳಿಗೆ ಹತ್ತಿಕೊಂಡಿತು.

ಮೂಸಿದೆ.

ಸಾಂಬ್ರಾಣಿ. ಸುಟ್ಟ ಬೆಳ್ಳುಳ್ಳಿ ಸಿಪ್ಪೆ. ಪಾಪುವಿನ ನೆತ್ತಿಯ ವಾಸನೆ.

ಇವರೂ ಮೂಸಿದರು. ಬಿದ್ದು ಬಿದ್ದು ನಕ್ಕರು. "ಅಮ್ಮೋ! ಬಾ ಇಲ್ಲಿ! ಇಷ್ಟ್ ತಿಂಗ್ಳಿಂದ ಸಿಸ್ಟಂಗೂ ಬಾಣಂತನ ಮಾಡ್ಬುಟ್ಟಿದೀಯಲ್ಲಾ!"

ಅತ್ತೆ ಹಾಲ್‌ನಿಂದಲೇ: "ಮಾಡಿದ್ರೇನಲಾ? ಅದ್ಕಾದ್ರೂ ಸೀತ ಗೀತ ಆಗೈತಾ?"

ನಾನು ನಗಲಿಲ್ಲ. ಈ ಫ್ಯಾನ್ ಎಳೆದುಕೊಂಡ ಗಾಳಿಯನ್ನೇ ಅವಳೂ ಎಳೆದುಕೊಂಡಿದ್ದಾಳೆ. ಇದೇ ಕೋಣೆಯಲ್ಲಿ. ಇದನ್ನಾದರೆ ಬಿಚ್ಚಿ ನೋಡಬಹುದು.

ಬ್ರಷ್, ಸ್ಪಿರಿಟ್, ಹಳೆಯ ಬನಿಯನ್ನು. ಸಂಜೆಯಾಯಿತು ಉಜ್ಜಿ ಮುಗಿಸಲು. ಹೊಸ ಪೇಸ್ಟ್. ಟೆಸ್ಟ್ ಹಾಕಿದರೆ 71. ಅಲ್ಲಿಂದ ಅಲ್ಲಾಡಲಿಲ್ಲ.

"ಅತ್ತೆಗೆ ನೀವು ಹೇಳಿ" ಅಂದೆ.

"ಹೊಗೆ ಹಾಕ್ಬೇಡ ಅಂತ ನಾನು ಹೇಳೋದಾ? ನನ್ನ ಇದೇ ಹೊಗೆಲಿ ಬೆಳೆಸಿದ್ದು ಅಂತ ನಾಳೆವರೆಗೂ ಹೇಳ್ತಾಳೆ. ನೀನೇ ಹೇಳು. ನಿನ್ ಮಾತು ಕೇಳ್ತಾಳೆ."

ಮಾರ್ಚ್ 17, ಸೋಮವಾರ

ಹೇಳಿದೆ. ಅರ್ಧ ಹೇಳಿದೆ.

ಬೆಳಿಗ್ಗೆಯಿಂದ ಮಾತು ಜೋಡಿಸಿಕೊಂಡಿದ್ದೆ. ಮಗುವಿನ ಎದೆಗೆ ಒಳ್ಳೆಯದಲ್ಲ, ಆ ಹೊಗೆ ಒಳಗೆ ಅಂಟುತ್ತದೆ, ಇಲ್ಲಿ ನೋಡಿ ಹೇಗೆ ಅಂಟಿತ್ತು ಅಂತ. ಅವರು ಪಾಪುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಅವಳು ಅವರ ಮೂಗುಬೊಟ್ಟನ್ನೇ ನೋಡಿ ನಗುತ್ತಿದ್ದಳು. ಹೊಗೆ ಕೆಟ್ಟದ್ದು ಅನ್ನುವುದೂ, ಆ ಕೈ ಕೆಟ್ಟದ್ದು ಅನ್ನುವುದೂ ಅವರಿಗೆ ಒಂದೇ ಆಗಿ ಕೇಳಿಸುತ್ತದೆ. ಮಧ್ಯಾಹ್ನ ನನಗೆ ಒಂದು ಗಳಿಗೆ ನಿದ್ದೆ ಸಿಗುವುದು ಆ ಕೈಗಳಿಂದಲೇ.

ಬಾಯಿಂದ ಬಂದದ್ದು: "ಅತ್ತೆ, ಈ ರೂಮಲ್ಲಿ ಹೊಗೆ ಬೇಡ. ಕಂಪ್ಯೂಟರಿಗೆ ಅಂಟುತ್ತೆ."

ಮುಖ ಗಂಟು ಹಾಕುತ್ತಾರೆ ಅಂದುಕೊಂಡಿದ್ದೆ. ಅವರೇ ಗಾಬರಿಯಾದರು. "ಅಯ್ಯೋ, ಮೊದ್ಲೇ ಹೇಳ್ಬಾರ್ದೇನವ್ವಾ! ನಿನ್ ಕೆಲಸ ನಾನೇ ಕೆಡಿಸ್ತಾ ಇದ್ನಾ? ಇನ್ಮೇಕೆ ಈ ರೂಮಿಗೆ ಕೆಂಡದ ಬಟ್ಲು ಬಂದ್ರೆ ಕೇಳು."

ಇಷ್ಟು ಸುಲಭವಾ?

ಮೊದಲ ಫುಲ್ ರನ್ ಮುಗಿಯಿತು. ಎಲ್ಲೂ ನಿಲ್ಲಲಿಲ್ಲ. ಮೇಡಂಗೆ ಕಳಿಸಿದೆ. ಹೆಬ್ಬೆರಳಿನ ಇಮೋಜಿ ಹಾಕಿದರು.

ಮಾರ್ಚ್ 22, ಶನಿವಾರ

ನಾಲ್ಕು ದಿನ ಬರೆಯಲಿಲ್ಲ. ಎರಡನೇ ರನ್ನೂ ನಿನ್ನೆ ಪಾಸ್. 72.

ಸಿಸ್ಟಂ ಸರಿಹೋಯಿತು. ಕೆಮ್ಮು ಹೋಗಲಿಲ್ಲ. ಬಿಸಿ ಗಾಳಿ ಇಲ್ಲ, ಹೊಗೆ ಇಲ್ಲ, ಜೋಲಿ ದೂರ. ಆದರೂ ಮೊದಲಿಗಿಂತ ಗಟ್ಟಿ ಕೆಮ್ಮು.

ಇವತ್ತು ನೀರು ಕುಡಿಯಲು ಹೊರಗೆ ಬಂದೆ. ಅಡುಗೆಮನೆಯ ಪಕ್ಕದ ಸ್ಟೋರ್ ರೂಮಿನ ಬಾಗಿಲು ಹಾಕಿತ್ತು. ಬಾಗಿಲ ಕೆಳಗಿನಿಂದ ತೆಳ್ಳಗೆ ಹೊಗೆ.

ತೆಗೆದೆ. ಅಕ್ಕಿ ಮೂಟೆಗಳ ನಡುವೆ ಅತ್ತೆ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಪಾಪು, ಪಕ್ಕದಲ್ಲಿ ಕೆಂಡದ ಬಟ್ಟಲು. ಆ ರೂಮಿಗೆ ಕಿಟಕಿಯೇ ಇಲ್ಲ. ಇಬ್ಬರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

"ಬಾಗ್ಲಾಕವ್ವಾ ಬೇಗ! ನಿನ್ ಕಂಪ್ಯೂಟರ್‌ಗೆ ಹೊಗೆ ಹೋಯ್ತದೆ!"

ಬಾಗಿಲು ಹಾಕಿದೆ.

ಪಾಪುವನ್ನು ಎತ್ತಿಕೊಳ್ಳಲಿಲ್ಲ. ಬಾಗಿಲು ಹಾಕಿ ಬಂದು ಕುರ್ಚಿಯಲ್ಲಿ ಕೂತೆ. ಪರದೆ ಮೇಲೆ 41, ತಣ್ಣಗೆ.

ಸೋಮವಾರ ಕೊನೆಯ ರನ್. ಈಗ ಹೇಳಿ ಮಾತಿಗೆ ಮಾತು ಬೆಳೆದು, ಅತ್ತೆ ಚೀಲ ಹಿಡಿದು ಊರಿನ ಬಸ್ ಹತ್ತಿಬಿಟ್ಟರೆ? ಕಾಲ್ ಹೊತ್ತಲ್ಲಿ ಪಾಪು ಯಾರ ಕೈಯಲ್ಲಿ? ರನ್ ಹಾಳಾದರೆ ನಾನು ಬೊಮ್ಮಸಂದ್ರದಲ್ಲಿ, ಇವಳು ದಿನವಿಡೀ ಆ ರೂಮಿನಲ್ಲಿ. ಎರಡು ದಿನ. ಸೋಮವಾರ ಸಂಜೆ ಎಲ್ಲಾ ಹೇಳುತ್ತೇನೆ.

ಎರಡೇ ದಿನ.

ಮಾರ್ಚ್ 24, ಸೋಮವಾರ. ಬೆಳಿಗ್ಗೆ 10:50

ಕಾಲ್ ನಡೆಯುತ್ತಿದೆ. ಮೈಕ್ ಮ್ಯೂಟ್. ಕ್ಯಾಮೆರಾದ ಕೆಳಗೆ ಬರೆಯುತ್ತಿದ್ದೇನೆ, ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ. ಮೇಡಂ ಈಗ ತಾನೆ "ನೋಟ್ಸ್ ಮಾಡ್ಕೋತಿದೀರಾ? ಗುಡ್" ಅಂದರು.

ರನ್ ಅರ್ಧ ದಾಟಿದೆ. ತಾಪ 88.

72 ಇರಬೇಕಿತ್ತು. ಶುರುವಾದ ಮೇಲೆ ನೋಡಿದೆ — ಎಲ್ಲಾ ಕೋರೂ 5.1. ನಿನ್ನೆ ಸಂಜೆ ಇವರು ಗೇಮಿಗೆ ಕೂತಿದ್ದರು, ಆಗಲೇ ಮತ್ತೆ ಏರಿಸಿಟ್ಟಿದ್ದಾರೆ. ಮೆಸೇಜ್ ಹಾಕಿದರೆ ಉತ್ತರ: "ಈಗ ಕ್ಲೀನ್ ಐತಲ್ಲ, ತಡೀತದೆ ಬಿಡು." ಜೊತೆಗೆ ನಗುವ ಮುಖ.

ಬಯೋಸ್‌ಗೆ ಹೋಗಬೇಕಾದರೆ ರನ್ ನಿಲ್ಲಿಸಬೇಕು. ಆಗುವುದಿಲ್ಲ. 95 ಮುಟ್ಟಿದರೆ ನಾನೇ ಪಾಝ್ ಬಟನ್ ಒತ್ತಬೇಕು, ಆರಲು ಬಿಡಬೇಕು, ಮತ್ತೆ ಓಡಿಸಬೇಕು. ಕಣ್ಣು ತೆಗೆದರೆ ನೀಲಿ ಪರದೆ. ಎದ್ದು ಹೋಗುವ ಹಾಗಿಲ್ಲ.

89. ಮುಕ್ಕಾಲು ಆಯಿತು.

ಅತ್ತೆ ಪಾಪುವಿನ ಸ್ನಾನ ಮುಗಿಸಿದರು. ಸ್ಟೋರ್ ರೂಮಿನ ಬಾಗಿಲು ಹಾಕಿದ ಸದ್ದು. ನನ್ನ ಬಾಗಿಲನ್ನೂ ಹೊರಗಿನಿಂದ ಎಳೆದುಕೊಂಡು ಹೋಗಿದ್ದಾರೆ, ಹೊಗೆ ಬರದಿರಲಿ ಅಂತ.

ಕೆಮ್ಮು. ಎರಡು ಬಾಗಿಲು ದಾಟಿ ಕೇಳುತ್ತಿದೆ.

91. ಸೆಕೆಯೂ ಏರುತ್ತಿದೆ. ಮೇಡಂ: "ಸ್ಟೇಬಲ್ ಇದೆ ಕೋಮಲಾ. ಇನ್ನೊಂದು ಹತ್ತು ನಿಮಿಷ, ಸೀಟ್ ಬಿಡ್ಬೇಡಿ." ತಲೆಯಾಡಿಸಿದೆ. ನಕ್ಕೆ ಕೂಡ.

ಮತ್ತೆ ಕೆಮ್ಮು. ಬಿಡದೆ. ನಡುವೆ ಉಸಿರು ಎಳೆದುಕೊಳ್ಳುವಾಗ ಸಣ್ಣ ಸೀಟಿಯ ಹಾಗೆ — ಅದು ಮೊದಲು ಇರಲಿಲ್ಲ. ನಿನ್ನೆ ಇರಲಿಲ್ಲ.

93.

ಅತ್ತೆಯ ದನಿ: "ಆಯ್ತು ಕಂದಾ, ಆಯ್ತು. ಇನ್ನೊಂಚೂರು ಹೊಗೆ, ಎಲ್ಲಾ ಹೋಯ್ತದೆ."

94. ಪಾಝ್ ಒತ್ತಲು ಬೆರಳು ಇಟ್ಟಿದ್ದೇನೆ. ಮೇಡಂ ಏನೋ ಕೇಳುತ್ತಿದ್ದಾರೆ.

ಸೀಟಿ. ಮತ್ತೆ ಸೀಟಿ.

ಬೆರಳು ತೆಗೆದೆ. ಓಡಲಿ, ನಿಲ್ಲಲಿ. ಹೇಳಬೇಕಾದ್ದನ್ನು ಒಂದು ಸಲ ಬರೆದುಕೊಂಡೇ ಏಳುತ್ತೇನೆ, ಇಲ್ಲದಿದ್ದರೆ ಅವರ ಮುಖ ನೋಡಿ ಮತ್ತೆ ಕಂಪ್ಯೂಟರ್ ಅಂತಲೇ ಬಾಯಿಗೆ ಬರುತ್ತದೆ. ಅತ್ತೆ, ಪಾಪುವಿಗೆ ಈ ಹೊಗೆ— ಬರೆದದ್ದು ಸಾಕು, ಎದ್ದೆ.