ಪೂಜಿತಾಳ ಕಾಲು

ಶಿವಾಜಿನಗರ, ಬೆಂಗಳೂರು
೧೧ ಫೆಬ್ರವರಿ ೨೦೨೫

ಪ್ರೀತಿಯ ಹಂಸಕ್ಕನಿಗೆ ನಿನ್ನ ಭವ್ಯಳ ನಮಸ್ಕಾರ.

ನಾಲ್ಕು ಸಲ ಫೋನ್ ಮಾಡಿದರೂ ಎತ್ತಲಿಲ್ಲವೆಂದು ಬೇಸರಪಡಬೇಡ. ಈ ವಾರ್ಡಿನಲ್ಲಿ ಮಗಳ ಕಿವಿಗೆ ಬೀಳದಂತೆ ಮಾತಾಡಲು ಜಾಗವಿಲ್ಲ, ಅದಕ್ಕೇ ಕಾಗದ. ಹನ್ನೆರಡು ದಿನದಿಂದ ಸ್ಟೂಲಿನ ಮೇಲೆ ಕೂತು ಕೂತು ನನ್ನ ಬೆನ್ನೂ ಸೋತಿದೆ.

ಎಂಆರ್‌ಐ, ನರದ ಪರೀಕ್ಷೆ, ರಕ್ತ, ಎಲ್ಲವೂ ನಾರ್ಮಲ್. ಆದರೂ ಪೂಜಿತಾಗೆ ಕಾಲು ಎತ್ತಲಾಗುವುದಿಲ್ಲ. ರಿಪೋರ್ಟ್ ನೋಡಿದ ಅವರಪ್ಪ ಹಾಸಿಗೆಯ ಪಕ್ಕದಲ್ಲೇ ನಿಂತು, "ಏನೂ ಇಲ್ವಂತೆ, ಎದ್ದೇಳು. ಎಕ್ಸಾಮ್‌ಗೆ ಹೆದ್ರಿ ನಾಟ್ಕ ಆಡ್ತಿದೀಯ" ಎಂದುಬಿಟ್ಟರು. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡಳು.

ಅರೀಬಾ ಎಂಬ ಮನಸ್ಸಿನ ಡಾಕ್ಟರ್ ನನ್ನನ್ನು ಹೊರಗೆ ಕರೆದರು. "ನಾಟ್ಕ ಅಲ್ಲಮ್ಮ. ಅವಳಿಗೆ ನಿಜವಾಗ್ಲೂ ಆಗ್ತಿಲ್ಲ. ನರ ಚೆನ್ನಾಗಿದೆ, ಹಾಗಾಗಿ ವಾಸಿಯಾಗುತ್ತೆ. ಮನೇಲಿ ಈಚೆಗೆ ಏನಾದ್ರೂ ಆಯ್ತಾ?" ಎಂದು ಕೇಳಿದರು. ಏನೂ ಇಲ್ಲ ಎಂದೆ.

ಆದರೆ ಪೂಜಿತಾ ಆಗಲೇ ಡಾಕ್ಟರಿಗೆ ಎಲ್ಲ ಹೇಳಿದ್ದಳು. ನಮ್ಮತ್ತೆ ತೀರಿಕೊಂಡಾಗ ಅವಳಿಗೆ ಹತ್ತನೇ ಕ್ಲಾಸಿನ ಪ್ರಿಪರೇಟರಿ ನಡೆಯುತ್ತಿತ್ತಲ್ಲ, ಇಂದಿರಾನಗರದ ಗೆಳತಿಯ ಮನೆಯಲ್ಲಿ ಬಿಟ್ಟಿದ್ದೆವು. ಮಣ್ಣು ಮಾಡಿ ಮೂರು ದಿನವಾದ ಮೇಲೆ ಹೇಳಿದೆವು. ಹಾಗೆ ಮಾಡಬೇಡವೆಂದು ನೀನು ಅಂದೇ ಅಂದಿದ್ದೆ. ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿದ ಮಗು. "ದಿನಾ ಫೋನ್ ಮಾಡಿ ಅಜ್ಜಿ ಹೆಂಗಿದೆ ಅಂತ ಕೇಳ್ತಿದ್ದೆ. ಅಮ್ಮ, 'ಚೆನ್ನಾಗಿದೆ, ಓದ್ಕೋ' ಅಂತಿದ್ಳು" ಎಂದಳಂತೆ. ತಿಥಿ ಮುಗಿದ ಮಾರನೇ ಬೆಳಿಗ್ಗೆ ಸ್ಕೂಲಿಗೆ ಹೊರಟವಳು ಬಾಗಿಲಲ್ಲೇ ಕುಸಿದಳು.

ಡಾಕ್ಟರ್ ಹೇಳಿದ ಮೇಲೆ ನಿನ್ನೆ ಇವರು ಅವಳ ಪಕ್ಕ ಕೂತು ಕೊನೆಯ ದಿನದ್ದೆಲ್ಲ ಹೇಳಿದರು. ಅಜ್ಜಿ ಏನು ತಿಂದರು, ಯಾರನ್ನು ಕೇಳಿದರು, ಎಲ್ಲಿ ಮಣ್ಣು ಮಾಡಿದ್ದು. ಇಬ್ಬರೂ ಅತ್ತರು. ಇವತ್ತು ಫಿಸಿಯೋಥೆರಪಿಯಲ್ಲಿ ಕಂಬಿ ಹಿಡಿದು ನಾಲ್ಕು ಹೆಜ್ಜೆ ಇಟ್ಟು ಮತ್ತೆ ಕುಸಿದಳು. ಇನ್ನೂ ವಾರಗಳೇ ಹಿಡಿಯಬಹುದಂತೆ. ಹಿಡಿಯಲಿ.

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ಚೆನ್ನಾಗಿರಲಿ, ಓಡಾಡಿಕೊಂಡಿರಲಿ.

ನಿನ್ನ ತಂಗಿ,
ಭವ್ಯ

ತಾ.ಕ.: ಇದನ್ನು ಇವರಿಗೂ ಹೇಳಿಲ್ಲ, ಡಾಕ್ಟರಿಗೂ ಹೇಳಿಲ್ಲ. ನಾಟಕವಲ್ಲವೆಂದು ಅವರು ಹೇಳಿದ ಮೇಲೂ, ಮೊನ್ನೆ ಭಾನುವಾರ ಮಧ್ಯಾಹ್ನ, ಅವಳಿಗೆ ನಿದ್ದೆ ಹತ್ತಿದೆಯೆಂದುಕೊಂಡು ಸೆರಗಿನ ಪಿನ್ನು ತೆಗೆದು ಅಂಗಾಲಿಗೆ ಚುಚ್ಚಿದೆ. ಕಾಲು ಅಲುಗಲಿಲ್ಲ. ತಲೆಯೆತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. "ಈಗ ನಂಬ್ತೀಯಾ ಅಮ್ಮ?" ಎಂದಳು.