ಅಪ್ಪನ ಮೂಗು ರಜೆಯ ಮೇಲಿದೆ

ದರ್ಜಿ ಅಂಗಡಿಯ ಹಿಂಬದಿಯ ಬೆಂಚು,
ಹದಿನಾಲ್ಕನೇ ತಾರೀಕು, ಗುರುವಾರ, ಶಾಲೆ ಬಿಟ್ಟ ಮೇಲೆ

ಪ್ರೀತಿಯ ಅಮ್ಮಾ,

ನಿನ್ನ ಏಕಮಾತ್ರ ಪುತ್ರಿಯೂ ಈ ಬೀದಿಯ ಸಕಲ ಕಿಡಿಗೇಡಿ ಕೆಲಸಗಳ ಅಧಿಕೃತ ಗುತ್ತಿಗೆದಾರಳೂ ಆದ ನಾನು ಮಾಡುವ ನಮಸ್ಕಾರಗಳು. ನಿನ್ನ ಸೊಂಟ ಹೇಗಿದೆ? ಚಿಕ್ಕಮ್ಮನ ಮನೆಯ ಆ ಮಂಚ ಇನ್ನೂ ನಡುವಲ್ಲಿ ಹಳ್ಳ ಬಿದ್ದುಕೊಂಡೇ ಇದೆಯಾ, ಇಲ್ಲಾ ಚಿಕ್ಕಪ್ಪ ಹಲಗೆ ಹಾಕಿಸಿದನಾ? ಮಗು ಹುಟ್ಟುವವರೆಗೆ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ ಮಾತನ್ನು ಚಿಕ್ಕಮ್ಮ ಪಾಲಿಸುತ್ತಿದ್ದಾಳೆಂದು ನಂಬಿದ್ದೇನೆ. ಎದ್ದು ಓಡಾಡಿದರೆ ನಾನು ಬಂದು ಅವಳ ಚಪ್ಪಲಿಯನ್ನು ನೆಲಕ್ಕೆ ಅಂಟಿಸುತ್ತೇನೆಂದು ತಿಳಿಸು. ಬೇರೆಯವರು ಹೇಳಿದರೆ ನಗುತ್ತಾಳೆ, ನಾನು ಹೇಳಿದೆನೆಂದರೆ ನಂಬುತ್ತಾಳೆ.

ಇಲ್ಲಿ ಕೂತು ಬರೆಯುವುದಕ್ಕೆ ಕಾರಣವಿದೆ. ಮನೆಯಲ್ಲಿ ಬರೆದರೆ ಅಪ್ಪ ಇಣುಕುತ್ತಾನೆ. ಭಾನುವಾರದ ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ನಿಂತು, ನಾನು ಬಾಯಿ ತೆರೆಯುವ ಮೊದಲೇ ಇಲ್ಲೆಲ್ಲಾ ಆರಾಮ ಎಂದು ಕೂಗಿಬಿಡುತ್ತಾನೆ. ನಾನು ಪರೀಕ್ಷೆಗೆ ಓದುತ್ತಿದ್ದೇನೆಂದುಕೊಂಡು ದರ್ಜಿ ಮಾಮ ಮಷೀನನ್ನು ಮೆಲ್ಲಗೆ ತುಳಿಯುತ್ತಿದ್ದಾರೆ. ಇಂಥ ಸಾಧುಗಳಿಗೆ ಟೋಪಿ ಹಾಕುವುದು ನನ್ನ ಕೋಮಲ ಮನಸ್ಸಿಗೆ ಬಹಳ ಕಷ್ಟ, ಆದರೇನು, ರೂಢಿಯಾಗಿಬಿಟ್ಟಿದೆ. ಅಮ್ಮಾ, ನನಗೆ ಹೆದರಿಕೆಯಾಗಿದೆ. ಇದು ತಮಾಷೆಯಲ್ಲ. ಇದು ತಮಾಷೆಯಲ್ಲ ಎಂದು ತಮಾಷೆಗಾಗಿ ಎಷ್ಟು ಸಲ ಬರೆದಿದ್ದೇನೋ, ಅದೇ ಈಗ ಕುತ್ತಿಗೆಗೆ ಬಂದಿದೆ. ದಯವಿಟ್ಟು ಪೂರ್ತಿ ಓದು.

ಮೊದಲು ಸರ್ಕಾರಿ ಪ್ರಕಟಣೆ. ನೀನು ಹೊರಟ ಮೇಲೆ ನಮ್ಮ ಅಡುಗೆಮನೆ ಬೇಕರಿಯ ಹೂರಣ ಖಾತೆ ನನಗೆ ಸಂದಿದೆ. ನಮ್ಮ ಹೆಡ್‌ಮಾಸ್ತರರು ಶನಿವಾರ ನಿವೃತ್ತರಾಗುತ್ತಾರೆ. ನನ್ನನ್ನು ಆರನೇ ಕ್ಲಾಸಿನಿಂದ ಅನುಮಾನಿಸುತ್ತಾ ಬಂದ ಆ ಮಹಾನುಭಾವರೇ ಪಾರ್ಟಿಗೆ ನಿನ್ನ ಚೀಸ್ ಮತ್ತು ಹಣ್ಣಿನ ಪುಟ್ಟ ಪೇಸ್ಟ್ರಿಗಳೇ ಬೇಕೆಂದು ಹೇಳಿಕಳಿಸಿದ್ದಾರೆ. ಕೆಲಸವೇನೋ ಸುಲಭ, ನೀನೇ ಕಲಿಸಿದ್ದು. ಫ್ರಿಜ್ಜಿನಿಂದ ಬೆಣ್ಣೆ-ಮೈದಾದ ಪೇಸ್ಟ್ರಿ ಹಾಳೆ ತೆಗೆದು, ಬಗ್ಗಿಸಿದರೆ ಮುರಿಯದಷ್ಟು ಮೆತ್ತಗಾಗಲು ಬಿಡುವುದು, ಚೌಕ ಚೌಕ ಕತ್ತರಿಸುವುದು, ಕಪ್‌ಕೇಕಿನ ಟ್ರೇಯ ಗುಳಿಗಳಲ್ಲಿ ಒತ್ತುವುದು. ನಾಲ್ಕು ಮೂಲೆಗಳೂ ಮೇಲೆದ್ದು ನಿಂತಾಗ ಬೆಕ್ಕಿನ ಕಿವಿಯಂತೆ ಕಾಣುತ್ತವೆ. ಒಳಗೆ ಮೆತ್ತನೆಯ ಚೀಸಿನ ಒಂದು ತುಂಡು, ಮೇಲೆ ಸಕ್ಕರೆಯಲ್ಲಿ ಬೇಯಿಸಿದ ಪೇರ್ ಹಣ್ಣು ಒಂದು ಚಮಚ, ಚಿಟಿಕೆ ಕಾಳುಮೆಣಸು. ಚಮಚ ತುಂಬ ತುಂಬಿದರೆ ಪಾಕ ಉಕ್ಕಿ ಟ್ರೇಗೆ ಅಂಟುತ್ತದೆ ಎಂಬ ಜ್ಞಾನೋದಯವೂ ನನಗಾಗಿದೆ, ಟ್ರೇ ಉಜ್ಜುವಾಗ. ಅಲ್ಲಿಂದಾಚೆ ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಗಡಿಯಾರ ನೋಡುವುದಿಲ್ಲ, ಓವನ್ನಿನ ಗಾಜಿಗೆ ಮುಖ ಒತ್ತಿ ಕೂರುವುದಿಲ್ಲ. ಅಪ್ಪ ಹೊರಗಿನ ಕೋಣೆಯಲ್ಲಿ ಪೇಪರು ಓದುತ್ತಾ ಕೂತಿರುತ್ತಾನೆ. ವಾಸನೆ ಹದಕ್ಕೆ ಬಂದ ಗಳಿಗೆಗೆ ಸರಿಯಾಗಿ, ತಲೆ ಎತ್ತದೆಯೇ, ತೆಗೀರಿ ಅನ್ನುತ್ತಾನೆ. ತೆಗೆದರೆ ಪ್ರತಿಯೊಂದೂ ಬಂಗಾರದ ಬಣ್ಣ. ಆ ಮೂಗಿಗೆ ಬೇರೆ ಸಂಬಳ ಕೊಡಬೇಕು ಎಂದು ನೀನು ಹಂಗಿಸುತ್ತಿದ್ದೆಯಲ್ಲ, ಆ ಮೂಗು.

ನೀನು ಊರಿಗೆ ಹೊರಟ ವಾರವೇ ಅಪ್ಪ ಅಟ್ಟದ ಮೇಲಿನ ದೊಡ್ಡ ಟ್ರೇ ಇಳಿಸಲು ಸ್ಟೂಲು ಹತ್ತಿದ. ಕುಂಟು ಕಾಲಿನ ಅದೇ ಸ್ಟೂಲು. ನಾನು ಬಚ್ಚಲಿನಲ್ಲಿದ್ದೆ. ಮೊದಲು ಟ್ರೇ ಬಿದ್ದ ಸದ್ದು, ಆಮೇಲೆ ಬೇರೊಂದು ಸದ್ದು. ಓಡಿ ಬಂದಾಗ ಅವನು ನೆಲದ ಮೇಲೆ ಅಂಗಾತ ಮಲಗಿದ್ದ, ಸೂರನ್ನೇ ನೋಡುತ್ತಿದ್ದ. ಕರೆದೆ, ಓ ಅನ್ನಲಿಲ್ಲ. ಮತ್ತೆ ಕರೆದಾಗ ಎದ್ದು ಕೂತು ತಲೆಯ ಹಿಂಭಾಗ ತಡವಿಕೊಂಡು, ಟ್ರೇ ಸೊಟ್ಟಗಾಯಿತಾ ನೋಡು ಎಂದ. ರಕ್ತ ಬಂದಿರಲಿಲ್ಲ. ಬೋರೆಹಣ್ಣಿನಷ್ಟು ಬುಗುಟು, ಅಷ್ಟೇ. ನಿಮ್ಮಮ್ಮನಿಗೆ ಹೇಳಬೇಡ, ಅಲ್ಲಿ ಒಬ್ಬರನ್ನು ನೋಡಿಕೊಂಡರೆ ಸಾಕಾಗಿದೆ ಅವಳಿಗೆ ಎಂದ. ನಾನೂ ಆಗಲೆಂದೆ. ಬುಗುಟು ಇಳಿಯಿತು, ಮಾತೂ ಮುಗಿಯಿತು ಎಂದುಕೊಂಡೆ.

ಇನ್ನು ಬೆಳ್ಳುಳ್ಳಿಯ ವಿಷಯ. ಒಲೆಯಿಂದ ಇಳಿದ ಮೊದಲನೇ ಪೇಸ್ಟ್ರಿ ಅಪ್ಪನದು, ಕಣ್ಣು ಮುಚ್ಚಿ ಮೂಸಿ ಒಳಗೇನಿದೆ ಎಂದು ಹೇಳಿಯೇ ತಿನ್ನಬೇಕು ಎಂಬುದು ನಮ್ಮ ಮನೆಯ ಕಾಯಿದೆಯಲ್ಲವೇ? ಹೆಡ್‌ಮಾಸ್ತರರಿಗಾಗಿ ಒಂದು ಟ್ರೇ ಮಾದರಿ ಮಾಡಿದ ದಿನ, ಹೂರಣ ಖಾತೆಯ ಪರಮಾಧಿಕಾರ ಬಳಸಿ, ಅಪ್ಪನದರಲ್ಲಿ ಮಾತ್ರ ಚೀಸಿನ ಕೆಳಗೆ ಒಂದು ಇಡೀ ಗಡ್ಡೆಯ ಬೆಳ್ಳುಳ್ಳಿ ಜಜ್ಜಿ ತುಂಬಿದೆ. ಪೇರ್ ಹಣ್ಣು ಹಾಕಲೇ ಇಲ್ಲ. ಬೇಯುವಾಗಿನ ಗಮಲಿಗೆ ಕಿಟಕಿಯ ಮೇಲೆ ಕೂತಿದ್ದ ಬೆಕ್ಕೇ ಎದ್ದು ಹೋಯಿತು. ಅಪ್ಪ ಅದನ್ನು ಮೂಗಿನ ಬಳಿ ಹಿಡಿದ. ಕಣ್ಣು ಮುಚ್ಚಿದ. ನಾನು ನಗು ತಡೆಯಲು ಕೆನ್ನೆ ಕಚ್ಚಿಕೊಂಡು ನಿಂತಿದ್ದೆ. ಅಪ್ಪ ಬಹಳ ಹೊತ್ತು ಮೂಸಿ, ಪೇರ್, ಮೆಣಸು, ಭೇಷ್ ಎಂದು ಹೇಳಿ ಪೂರ್ತಿ ತಿಂದು ಬೆರಳು ಒರೆಸಿಕೊಂಡ. ಅಮ್ಮಾ, ಬಾಯಿಗೆ ಬಂದ ನಗು ಅಲ್ಲೇ ನಿಂತುಹೋಯಿತು.

ಮೊದಲು ಇದು ಅವನ ಪ್ರತಿದಾಳಿ ಎಂದುಕೊಂಡೆ. ಈ ವಿದ್ಯೆಯಲ್ಲಿ ಅವನೇ ನನ್ನ ಗುರು, ನನ್ನ ಟೋಪಿ ನನಗೇ ತೊಡಿಸುತ್ತಿದ್ದಾನೆ ಎಂದುಕೊಂಡೆ. ಆದ್ದರಿಂದ ಆಟ ಮುಗಿಸಿ ಬಂದ ಸಂಜೆ ನನ್ನ ಕಾಲುಚೀಲ ಬಿಚ್ಚಿ ಅವನ ಕುರ್ಚಿಯ ಬೆನ್ನಿಗೆ, ಸರಿಯಾಗಿ ಅವನ ಕಿವಿಯ ಪಕ್ಕಕ್ಕೆ, ತೂಗುಹಾಕಿದೆ. ಆ ಕಾಲುಚೀಲಗಳ ಪ್ರತಾಪ ಒಗೆಯುವ ನಿನಗೆ ಗೊತ್ತು. ಅಪ್ಪ ಪೇಪರಿನ ಕೊನೆಯ ಪುಟದವರೆಗೂ ನೆಮ್ಮದಿಯಾಗಿ ಓದಿದ. ಮಾರನೆಯ ಟ್ರೇಗೆ ತೆಗೀರಿ ಎಂಬ ಮಾತು ಬರಲೇ ಇಲ್ಲ. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ, ಅವನ ಮೂಗನ್ನು ನಂಬಿಕೊಂಡು. ಹೊಗೆ ಕೋಣೆಗೆ ನುಗ್ಗಿ ಕಣ್ಣು ಉರಿದಾಗಲೇ ಅಪ್ಪ ಎದ್ದದ್ದು. ಬೆಕ್ಕಿನ ಕಿವಿಗಳೆಲ್ಲಾ ಇದ್ದಿಲಾಗಿದ್ದವು. ಪೇಪರಿನಲ್ಲಿ ಏನೋ ಸ್ವಾರಸ್ಯವಿತ್ತು ಎಂದ. ಪೇಪರು ತಲೆಕೆಳಗಾಗಿ ಬಿದ್ದಿತ್ತು, ನಾನು ಅದನ್ನೇ ನೋಡುತ್ತಾ ನಿಂತೆ. ಆಗ ಅವನು ಟ್ರೇಯನ್ನು ನಲ್ಲಿಯ ಕೆಳಗಿಟ್ಟು, ನನ್ನ ಕಡೆ ತಿರುಗದೆ, "ಬಿದ್ದ ದಿನದಿಂದ ಏನೂ ಇಲ್ಲ ಕಣೇ. ನಿಮ್ಮಮ್ಮನ ದಿಂಬು ಮೂಸಿ ನೋಡ್ದೆ, ಅದೂ ಇಲ್ಲ" ಅಂದ.

ಹಾಗಂದವನು ಟ್ರೇಗೆ ಅಂಟಿದ್ದ ಇದ್ದಿಲನ್ನು ಚಮಚದಿಂದ ಕೆರೆಯತೊಡಗಿದ.

ಔಷಧಿ ಅಂಗಡಿಯವರ ಹತ್ತಿರ ಹೋಗಿ, ನನ್ನ ಗೆಳತಿಯ ತಂದೆಯವರಿಗೆ ಹೀಗಾಗಿದೆ ಎಂದು ಬಹಳ ಗಂಭೀರವಾಗಿ ಕೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಆ ಗೆಳತಿಗೆ ಹೇಳು, ತಲೆಗೆ ಪೆಟ್ಟಾಗಿ ವಾಸನೆ ಹೋಗಿದ್ದರೆ ಸುಮ್ಮನೆ ಬಿಡುವಂತಿಲ್ಲ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸಲಿ, ಇವತ್ತೇ ಆದರೆ ಒಳ್ಳೆಯದು ಎಂದರು. ಅಪ್ಪನಿಗೆ ಹೇಳಿದೆ. ಪಾರ್ಟಿ ಮುಗಿಯಲಿ ಎಂದ. ಆಸ್ಪತ್ರೆಗೆ ಹೋದರೆ ನಿನಗೆ ಗೊತ್ತಾಗುತ್ತದೆ, ಗೊತ್ತಾದರೆ ನೀನು ಚಿಕ್ಕಮ್ಮನನ್ನು ಬಿಟ್ಟು ಓಡಿ ಬರುತ್ತೀಯ, ಅಲ್ಲಿ ಅವಳಿಗೆ ಏನಾದರೂ ಆದರೆ ಎಂಬುದು ಅವನ ವಾದ. ಸ್ಕ್ಯಾನಿನಲ್ಲಿ ಏನು ಕಾಣುತ್ತದೋ ಎಂಬ ಭಯವೂ ಇದೆ. ಅದನ್ನು ಅವನು ಹೇಳಲಿಲ್ಲ. ಆಸ್ಪತ್ರೆ ಎಂದಾಗಲೆಲ್ಲಾ ತಲೆಯ ಹಿಂಭಾಗಕ್ಕೆ ಅವನ ಕೈ ಹೋಗುವುದನ್ನು ನಾನು ನೋಡಿದ್ದೇನೆ.

ಈಗ ನಿನ್ನೆಯದು. ಆ ಹಳೆಯ ಓವನ್ನಿನ ಗ್ಯಾಸು ತಿರುಗಿಸುವ ನಾಬ್ ಸಡಿಲವಾಗಿದೆ, ಏಪ್ರನ್ನಿನ ಜೇಬು ಸಿಕ್ಕಿಕೊಂಡರೂ ತಿರುಗುತ್ತದೆ, ಬದಲಾಯಿಸಿ ಎಂದು ನೀನು ಹೇಳುತ್ತಲೇ ಇದ್ದೆ. ನನ್ನ ಮೂಗಿದೆಯಲ್ಲ ಎಂದು ಅಪ್ಪ ಹೇಳುತ್ತಲೇ ಇದ್ದ. ನಾನು ಶಾಲೆಯಿಂದ ಬಂದು ಬಾಗಿಲು ತೆರೆದೆ, ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಚಳಿಯೆಂದು ಕಿಟಕಿಗಳೆಲ್ಲಾ ಮುಚ್ಚಿದ್ದವು. ಅಡುಗೆಮನೆಯಲ್ಲಿ ಅಪ್ಪ ಸಿಳ್ಳೆ ಹಾಕುತ್ತಾ, ತುಂಬಿದ ಟ್ರೇ ಪಕ್ಕಕ್ಕಿಟ್ಟು, ಓವನ್ ಹೊತ್ತಿಸಲು ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡಿದ್ದ. ಗ್ಯಾಸು, ಕಡ್ಡಿ ಗೀರಬೇಡ ಎಂದು ಕಿರುಚಿದೆ. ಅಪ್ಪ ಏನು ಮಾಡಿದ ಗೊತ್ತಾ? ನಕ್ಕ. "ಹೋಗೇ, ಇವತ್ತು ಬೇರೆ ಯಾರಿಗಾದ್ರೂ ಹಾಕು ಟೋಪಿ" ಅಂದು ಕಡ್ಡಿ ಹೊರತೆಗೆದ.

ನಿಜವಾಗಿಯೂ ಎಂದು ಹೇಳಬಹುದಿತ್ತು. ಆಣೆ ಮಾಡಬಹುದಿತ್ತು. ಎಲ್ಲವನ್ನೂ ನಾನು ಈ ಮೊದಲೇ ಸುಳ್ಳಿಗೆ ಬಳಸಿ ಸವೆಸಿದ್ದೇನೆ. ಕಟ್ಟೆಯ ಮೇಲೆ ಪೇರ್ ಹಣ್ಣಿನ ಪಾಕದ ಬೋಗುಣಿಯಿತ್ತು. ಅದನ್ನೆತ್ತಿ ಅವನ ಕೈಗೆ, ಕಡ್ಡಿಪೆಟ್ಟಿಗೆಗೆ, ಏಪ್ರನ್ನಿಗೆ, ಪೂರ್ತಿ ಸುರಿದೆ. ಅಪ್ಪನ ಮುಖ ಕೆಂಪಾಯಿತು. ಅವನು ನನ್ನ ಮೇಲೆ ಎಂದೂ ಕೈ ಎತ್ತಿದವನಲ್ಲ, ನಿನ್ನೆ ಎತ್ತಿಬಿಡುತ್ತಾನೆ ಎನಿಸಿತು. ಆಮೇಲೆ ನನ್ನ ಮುಖ ನೋಡಿದ. ಮೂಗು ಹೇಳದೇ ಇದ್ದುದನ್ನು ಪಾಪ ನನ್ನ ಮುಖದಲ್ಲಿ ಹುಡುಕುತ್ತಿದ್ದ. "ನಿಜವಾ ಮಗಾ?" ಎಂದು ಕೇಳಿದ. ನಾನು ತಲೆಯಾಡಿಸಿದೆ. ನಾಬ್ ಕಡೆ ತಿರುಗಿ ನೋಡಿದ, ಅರ್ಧಕ್ಕೆ ತಿರುಗಿ ನಿಂತಿತ್ತು. ಮುಚ್ಚಿದ. ಇಬ್ಬರೂ ಸೇರಿ ಬಾಗಿಲು ಕಿಟಕಿಗಳನ್ನೆಲ್ಲಾ ತೆರೆದೆವು. ಹಿತ್ತಲ ಮೆಟ್ಟಿಲ ಮೇಲೆ ಕೂತೆವು. ಪಾಕ ಅವನ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒಳಗೆ ಈಗ ವಾಸನೆ ಹೋಯಿತಾ ಎಂದು ಆಗಾಗ ನನ್ನನ್ನು ಕೇಳುತ್ತಿದ್ದ, ದಾರಿ ಕೇಳುವ ಹೊಸಬನ ಹಾಗೆ.

ಇದಾದ ಮೇಲೂ ಇವತ್ತು ಬೆಳಿಗ್ಗೆ ಮತ್ತೆ ಪೇಸ್ಟ್ರಿ ಹಾಳೆ ಹೊರಗಿಟ್ಟಿದ್ದಾನೆ. ಇನ್ನು ಮುಂದೆ ನೀನು ಮೂಗು, ನಾನು ಕೈ ಎಂದು ನಗಿಸಲು ನೋಡಿದ. ಆದರೆ ಮೂಗು ಶಾಲೆಗೆ ಹೋಗಬೇಕಲ್ಲ ಅಮ್ಮಾ. ಗಣಿತದ ಪಿರಿಯಡ್ಡಿನಲ್ಲಿ ಹೊರಗೆ ಯಾವುದೋ ಲಾರಿಯ ಟೈರು ಢಮ್ಮೆಂದಿತು. ಇಡೀ ಕ್ಲಾಸು ನಕ್ಕಿತು. ನಾನು ಬೆಂಚಿನ ಕೆಳಗಿದ್ದೆ. ಹೊಸ ತಮಾಷೆಯೆಂದು ಮೇಷ್ಟ್ರು ನಿಲ್ಲಿಸಿ ಬೈದರು. ಬೈಗುಳ ಒಂದೂ ಕಿವಿಗೆ ಬೀಳಲಿಲ್ಲ, ನಮ್ಮ ಬೀದಿಯ ದಿಕ್ಕಿನಲ್ಲಿ ಹೊಗೆ ಇದೆಯಾ ಎಂದು ಕಿಟಕಿಯಿಂದ ನೋಡುತ್ತಿದ್ದೆ.

ಚಿಕ್ಕಮ್ಮನಿಗೆ ಇದನ್ನೆಲ್ಲಾ ಹೇಳಬೇಡ, ನನ್ನ ಒಂದು ಮುತ್ತು ಮಾತ್ರ ತಲುಪಿಸು. ಚಿಕ್ಕಪ್ಪನಿಗೆ ನಮಸ್ಕಾರ, ಅವನ ಅಡುಗೆಗೆ ದೂರದಿಂದಲೇ ನಮಸ್ಕಾರ. ಹುಟ್ಟಲಿರುವ ಪುಟಾಣಿಗೆ ಅಕ್ಕನ ಆಶೀರ್ವಾದ: ಒಳ್ಳೆಯ ಮೂಗು ಹೊತ್ತು ಬಾ. ನಿನ್ನ ಸೊಂಟಕ್ಕೆ ಎಣ್ಣೆ ಹಚ್ಚಿಕೋ.

ಇಂತಿ ನಿನ್ನ,
ಬಾಲಬಿಚ್ಚಿದ ಮಗಳು,
ಹೂರಣ ಖಾತೆ (ಸದ್ಯಕ್ಕೆ ಮೂಗಿನ ಹೆಚ್ಚುವರಿ ಹೊಣೆ)

ತಾ.ಕ.: ಇದು ಶುಕ್ರವಾರ ಸಂಜೆ. ಅಂಚೆಪೆಟ್ಟಿಗೆಯ ಮೇಲೆಯೇ ಇಟ್ಟು ಬರೆಯುತ್ತಿದ್ದೇನೆ, ಟಪ್ಪಾಲಿನವರು ಚೀಲ ಬಿಚ್ಚಿ ನಿಂತಿದ್ದಾರೆ. ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಓವನ್ನಿನ ನಾಬ್. ಇವತ್ತು ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಸಿಲಿಂಡರು ಬಂದ್ ಮಾಡಿ ಕಿತ್ತುಕೊಂಡೆ, ನೀನು ಹೇಳಿದ ಹಾಗೆ ಬಹಳ ಸಡಿಲವಾಗಿತ್ತು. ಇನ್ನು ಓವನ್ ಹೊತ್ತುವುದಿಲ್ಲ. ಅಪ್ಪ ಮನೆಯೆಲ್ಲಾ ತಡಕುತ್ತಾ ಇರುತ್ತಾನೆ, ನನ್ನದೇ ಕಿತಾಪತಿಯೆಂದು ಅವನಿಗೆ ಗೊತ್ತು. ಎಷ್ಟು ಬೈದರೂ ಬಾಯಿ ಬಿಡುವುದಿಲ್ಲ. ಹೆಡ್‌ಮಾಸ್ತರರಿಗೆ ಹೇಳಿದ್ದೇನೆ, ಪಾರ್ಟಿಗೆ ಚೀಸು ಮತ್ತು ಹಣ್ಣನ್ನು ಹಸಿಯಾಗಿಯೇ ಕಡ್ಡಿಗೆ ಚುಚ್ಚಿ ಕೊಡುತ್ತೇವೆ; ಮೊದಲ ಸಲ ನನ್ನನ್ನು ನಂಬಿದರು. ಚಿಕ್ಕಮ್ಮನ ಹತ್ತಿರ ಎರಡು ದಿನ ಪಕ್ಕದ ಮನೆಯವರನ್ನು ಕೂರಿಸಿ ನೀನು ಬಾ. ನೀನು ಮುಂದೆ ನಡೆದರೆ ಅವನು ಆಸ್ಪತ್ರೆಗೆ ಹಿಂದೆ ಬರುತ್ತಾನೆ, ನನ್ನ ಹಿಂದೆ ಬರುವುದಿಲ್ಲ. ನಾಬನ್ನು ಅಂಚೆಯಲ್ಲಿ ವಾಪಸು ಕಳಿಸಬೇಡ ಅಮ್ಮಾ. ಕೈಯಲ್ಲೇ ತಾ.